ಮ್ಯಾಂಗೋಸ್ಟೀನ್ ಬೀಜ, ಸಸಿ: ನರ್ಸರಿಯವರನ್ನು ಕೇಳಿ

ಸುಮಾ: ಸರ್, ಹಣ್ಣು ತಿಂದು ಬೀಜ ಒಣಗಿಸಿಟ್ಟು 15 ದಿನ ಆಯ್ತು. ಈಗ ಹಾಕಿದರೆ ಹುಟ್ಟುತ್ತಾ?

ನರ್ಸರಿಯವರು: ಹುಟ್ಟಲ್ಲಮ್ಮ. ಒಣಗಿದರೆ ಈ ಬೀಜ ಸತ್ತ ಹಾಗೇ. ತಿರುಳು ತೊಳೆದು ಅವತ್ತೇ ಹಾಕಬೇಕು.

ರಾಘು: ಫೋಟೋ ನೋಡಿ ಸರ್. ಬೀಜದ ಒಂದು ತುದಿಯಲ್ಲಿ ಬೇರು, ಎದುರು ತುದಿಯಲ್ಲಿ ಚಿಗುರು. ಬೇರು ಕಂದಾಗಿ ಸೊರಗ್ತಿದೆ. ಕಿತ್ತು ಬೇರೆ ಕುಂಡಕ್ಕೆ ಹಾಕಲಾ?

ನರ್ಸರಿಯವರು: ಕೀಳಬೇಡಿ! ಚಿಗುರಿನ ಬುಡ ಝೂಮ್ ಮಾಡಿ ನೋಡಿ, ಬೆಳ್ಳಗೆ ಮೊನೆಯೊಂದು ಇಣುಕಿದೆ. ಗಿಡದ ಮುಂದಿನ ಬೇರು ಅದೇ. ಮೊದಲು ಬಂದದ್ದು ಸ್ವಲ್ಪ ದಿನದ್ದು, ತಾನಾಗೇ ಸೊರಗುತ್ತೆ. ಈ ಜಾತಿಯ ಸ್ವಭಾವವೇ ಹಾಗೆ. ನನಗೆ ಹೆದರಿಕೆ ಇರೋದು ನಿಮ್ಮ ಕೈ ಬಗ್ಗೆ. ಹೊಸ ಬೇರಿಗೆ ಕವಲು ಕಡಿಮೆ, ತುದಿ ಮುರಿದರೆ ಸಸಿ ಚೇತರಿಸಿಕೊಳ್ಳೋದು ಕಷ್ಟ. ಬೀಜ ಕಳಚಬೇಡಿ, ಆಹಾರ ಅದರಲ್ಲೇ ಇದೆ. ನೆರಳಲ್ಲಿಡಿ, ಮಣ್ಣು ತೇವ ಇರಲಿ, ನೀರು ನಿಲ್ಲದಿರಲಿ. ಮುಂದೆ ಆಳದ ಕುಂಡ ಬೇಕು.

ಗಿರೀಶ: ಹೆಣ್ಣು ಗಿಡಕ್ಕೆ ಗಂಡು ಗಿಡ ಜೊತೆಗೆ ಬೇಕಾ?

ನರ್ಸರಿಯವರು: ಬೇಡ. ಪರಾಗ ಇಲ್ಲದೇ ಬೀಜ ಆಗುತ್ತೆ. ಸಸಿ ಹೆಚ್ಚುಕಮ್ಮಿ ತಾಯಿಯ ಪಡಿಯಚ್ಚು.

ಲತಾ: ನನ್ನ ಸಸಿಯ ಎಲೆ ಅಂಚು ಸುಡ್ತಿದೆ, ಯಾಕೆ?

ಮಂಜು: ಫಾರ್ವರ್ಡ್ ಬಂದಿದೆ: ಬೀಜ 3 ದಿನ ಬಿಸಿಲಿಗಿಟ್ಟು, ಬೂದಿ ಸವರಿ, ಬಿಸಿನೀರಲ್ಲಿ ನೆನೆಸಿದರೆ ಬೇಗ ಮೊಳಕೆ!

ನರ್ಸರಿಯವರು: ಬಿಸಿಲಲ್ಲೇ ಸತ್ತದ್ದಕ್ಕೆ ಬೂದಿ ಯಾಕೆ, ತಿಥಿಗಾ? ಮೇಲೆ ಸುಮಾ ಅವರಿಗೆ ಹೇಳಿದ್ದು ಓದಿ. ಇಂಥದ್ದನ್ನ ಇಲ್ಲಿ ಹಾಕಬೇಡಿ.

ಮಂಜು: ಹಂಚಿಕೊಂಡೆ ಅಷ್ಟೇ ಸರ್.

ಶೈಲಾ: ಹಣ್ಣಿನ ತಳದ ಹೂವಿನಂಥ ಗುರುತಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ಬೀಜ.

ವಿನಯ್: ಬೀಜ ಅಲ್ರೀ, ತೊಳೆ.

ಶೈಲಾ: ತೊಳೆಗೊಂದು ಬೀಜ ಇರಲ್ವಾ?

ವಿನಯ್: ಸಣ್ಣ ತೊಳೆ ಬಿಡಿಸಿದ್ದೀರಾ ಯಾವತ್ತಾದ್ರೂ? ಬೀಜ ಬಲಿತಿರೋದು ದೊಡ್ಡ ಒಂದೆರಡರಲ್ಲಿ ಮಾತ್ರ.

ಶೈಲಾ: ತಿನ್ನೋದು ನಿಮಗೊಬ್ಬರಿಗೇ ಗೊತ್ತು ಬಿಡಿ.

ನರ್ಸರಿಯವರು: ವಿನಯ್ ಹೇಳಿದ್ದು ಸರಿ. ನಿಲ್ಲಿಸಿ.

ಗಿರೀಶ: ಪಡಿಯಚ್ಚು ಅಂದ್ರಿ, ಮತ್ತೆ ಕಸಿ ಯಾಕೆ ಮಾಡ್ತಾರೆ? ಮಾರೋಕಾ?

ನರ್ಸರಿಯವರು: ಬೇಗ ಫಲ ಬರಲಿ ಅಂತ. ಬೀಜದ ಗಿಡಕ್ಕೆ 7–8 ವರ್ಷವಾದರೂ ಬೇಕು, ಎಷ್ಟೋ ಸಲ ಇನ್ನೂ ಹೆಚ್ಚು. ಆದರೆ ಕಸಿ ಗಿಡ ಗಿಡ್ಡ, ಇಳುವರಿ ಸಾಮಾನ್ಯವಾಗಿ ಕಡಿಮೆ. ಯಾವುದು ಬೇಕೋ ನೀವೇ ನೋಡ್ಕೊಳ್ಳಿ.

ಅನಿಲ್: ಸರ್, ಒಣಗಿದ ಬೀಜ ಹುಟ್ಟುತ್ತಾ?

ನರ್ಸರಿಯವರು: ಇಲ್ಲ.

ಮಂಜು: ಬೂದಿ ಸವರಿ ನೋಡಿ ಅನಿಲ್ 😄

ಲತಾ: ನನ್ನ ಎಲೆ ಪ್ರಶ್ನೆ ಯಾರೂ ನೋಡಲಿಲ್ಲ.

ರಾಘು: ಸರ್, ನೀವು ಬರೆಯೋ ಮೊದಲೇ ಬೀಜ ಕಳಚಿಬಿಟ್ಟಿದ್ದೆ. ಏನ್ ಮಾಡ್ಲಿ?