‘ಎಣ್ಣೆ ಹಾಕು’ ಎಂದರೆ ಯಾವ ಎಣ್ಣೆ? ಲೇತಿನ ಗಿಯರಿಗೆ ‘ಕೀಲೆಣ್ಣೆ’ ಸಲ್ಲುವುದೇ?

ಮಾನ್ಯರೇ,

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ದಾಲ್ ಮಿಲ್ಲುಗಳಿಗೆ ಶಾಫ್ಟು, ರೋಲರುಗಳನ್ನು ಕಡೆದುಕೊಡುವ ಒಂದು ವರ್ಕ್‌ಶಾಪಿನ ಗೋಡೆಗೆ ಅಂಟಿಸಲೆಂದು, ಹೊಸದಾಗಿ ಕೆಲಸ ಕಲಿಯಲು ಬರುವ ಹುಡುಗರಿಗಾಗಿ ಒಂದು ಪುಟದ ಕನ್ನಡ ಸೂಚನೆಯನ್ನು ಬರೆಯುತ್ತಿದ್ದೇನೆ. ಲೇತಿನ (ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರದ) ಗಿಯರುಗಳನ್ನು ಶುಚಿಗೊಳಿಸುವ ಭಾಗಕ್ಕೆ ಬಂದಾಗ ‘ಎಣ್ಣೆ’ ಎಂಬ ಪದವೇ ಅಡ್ಡ ನಿಂತಿದೆ.

ನಮ್ಮ ಕಡೆ ಸೀಮೆಎಣ್ಣೆಯನ್ನು ‘ಚಿಮಣಿ ಎಣ್ಣಿ’ ಎನ್ನುತ್ತಾರೆ. ಗಿಯರಿನ ಹಲ್ಲುಗಳ ಬುಡದಲ್ಲಿ ಹಳೆಯ ಗ್ರೀಸು, ಧೂಳು, ಲೋಹದ ಸಣ್ಣ ಚೂರುಗಳು ಕಲೆತು ಗಟ್ಟಿಯಾದ ಮಡ್ಡಿಯನ್ನು ಬ್ರಷ್ಷಿನಿಂದ ತಿಕ್ಕಿ ತೆಗೆಯುವುದು ಇದರಲ್ಲಿಯೇ. ಆದರೆ ಇದು ತೊಳೆಯುವ ಎಣ್ಣೆಯೇ ಹೊರತು ಹಲ್ಲು ಹಲ್ಲುಗಳ ನಡುವೆ ನಿಂತು ಸವೆತವನ್ನು ತಡೆಯುವ ಎಣ್ಣೆಯಲ್ಲ. ಇದ್ದ ಜಿಡ್ಡನ್ನೂ ಕರಗಿಸಿಕೊಂಡು ಹೋಗುವುದರಿಂದ, ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ಬೇರೆ ಎಣ್ಣೆ ಕೊಡದಿದ್ದರೆ ಗಿಯರುಗಳು ಒಣಗಿದ ಹಲ್ಲುಗಳಲ್ಲೇ ಒಂದನ್ನೊಂದು ಉಜ್ಜುತ್ತವೆ. ‘ಎಣ್ಣಿ ಹಾಕ್ದೇನು?’ ಎಂದು ಉಸ್ತಾದರು ಕೇಳಿದಾಗ, ಚಿಮಣಿ ಎಣ್ಣೆ ಸುರಿದ ಹುಡುಗ ‘ಹಾಕಿನ್ರಿ’ ಎಂದರೆ ಅವನು ಸುಳ್ಳಾಡಿದಂತಾಗುವುದಿಲ್ಲ. ದಖನಿ ಮಾತನಾಡುವವರಿಗೂ ಈ ತೊಡಕು ತಪ್ಪಿದ್ದಲ್ಲ, ಏಕೆಂದರೆ ಅವರ ‘ಮಿಟ್ಟಿ ಕಾ ತೇಲ್’ ಕೂಡ ‘ತೇಲ್’ ತಾನೆ.

ಹಾಗಾಗಿ ಸವೆತ ತಡೆಯುವ ಎರಡನೆಯ ಎಣ್ಣೆಗೆ ಪ್ರತ್ಯೇಕ ಹೆಸರು ಬೇಕು. ಹಿಂದಿಯವರ ‘ಸ್ನೇಹಕ’ ಪದಕ್ಕೆ ಆಧಾರವಿದೆ, ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು. ಆದರೂ ಲೇತಿನ ಮುಂದೆ ನಿಂತು ಅದನ್ನು ಉಚ್ಚರಿಸುವ ಧೈರ್ಯ ನನಗಿಲ್ಲ. ‘ಕೀಲೆಣ್ಣೆ’ ನಮ್ಮದೇ ಪದ, ಶಾಲೆಯ ವಿಜ್ಞಾನದ ಪಾಠಗಳಲ್ಲಿಯೂ ಬರುತ್ತದೆ. ನನ್ನ ಅನುಮಾನವಿರುವುದು ಅದರ ನೆನಪಿನ ಬಗ್ಗೆ. ಊರಿನ ಹಿರಿಯರಿಗೆ ಕೀಲೆಣ್ಣೆ ಎಂದರೆ ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲೆಸಿ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ, ಮುಟ್ಟಿದರೆ ಅಂಗಿಗೆ ಹತ್ತಿ ಬಿಡದಿದ್ದ, ಕಪ್ಪಗಿನ ಮಂದ ಪದಾರ್ಥ. ಲೇತಿನ ಹೆಡ್‌ಸ್ಟಾಕಿನೊಳಗಿನ (ಕೆಲಸದ ತುಂಡನ್ನು ತಿರುಗಿಸುವ, ಎಡಬದಿಯ ಪೆಟ್ಟಿಗೆಯೊಳಗಿನ) ಗಿಯರುಗಳಿಗೆ ಬೇಕಾದದ್ದು ಇದಕ್ಕೆ ತೀರ ಬೇರೆಯಾದ, ಯಂತ್ರ ತಯಾರಿಸಿದವರು ಹೇಳಿದ ದರ್ಜೆಯ, ಹೆಚ್ಚಾಗಿ ಐಎಸ್‌ಒ ವಿಜಿ (ಎಣ್ಣೆಯ ಮಂದತನವನ್ನು ಸೂಚಿಸುವ ದರ್ಜೆ) 32 ಅಥವಾ 68ರ ತೆಳುವಾದ ಎಣ್ಣೆ. ಅದನ್ನು ಗಾಜಿನ ಕಿಂಡಿಯಲ್ಲಿ ಕಾಣುವ ಗುರುತಿನವರೆಗೆ ತುಂಬಬೇಕು. ಎಡತುದಿಯ ಮುಚ್ಚಳದ ಹಿಂದಿರುವ ಚೇಂಜ್ ಗಿಯರುಗಳ (ಕೊರೆಯಬೇಕಾದ ಥ್ರೆಡ್ಡಿಗೆ ತಕ್ಕಂತೆ ಬದಲಿಸುವ ಗಿಯರುಗಳ) ಸಂಗತಿ ಬೇರೆ. ಅವು ಎಣ್ಣೆಯಲ್ಲಿ ಮುಳುಗಿರುವುದಿಲ್ಲವಾದ್ದರಿಂದ ತೆಳುವಾದ ಎಣ್ಣೆ ಸಿಡಿದುಹೋಗುತ್ತದೆ, ಗ್ರೀಸನ್ನು ದಪ್ಪಗೆ ಮೆತ್ತಿದರೆ ಅದು ಚೂರುಗಳನ್ನು ಹಿಡಿದಿಟ್ಟುಕೊಂಡು ಹಲ್ಲುಗಳನ್ನು ಅರದಂತೆ ತಿನ್ನುತ್ತದೆ. ಅಂಟಿನ ಗುಣವಿರುವ ಎಣ್ಣೆಯನ್ನೋ ಗ್ರೀಸನ್ನೋ ತೆಳ್ಳಗೆ ಸವರಬೇಕು. ಇಂಚಿನ ಲೆಕ್ಕದ ಲೀಡ್ ಸ್ಕ್ರೂ (ಥ್ರೆಡ್ ಕೊರೆಯುವಾಗ ಉಳಿಯನ್ನು ಸಾಗಿಸುವ ಉದ್ದನೆಯ ತಿರುಪು) ಇರುವ ಹಳೆಯ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ಡಿಗಾಗಿ 127 ಹಲ್ಲಿನ ಗಿಯರನ್ನು ಕೂರಿಸುವಾಗಲೆಲ್ಲ ಈ ಕೆಲಸ ಎದುರಾಗುತ್ತದೆ. ಈ ಎರಡನ್ನೂ ‘ಕೀಲೆಣ್ಣೆ’ ಎಂದರೆ, ಬಂಡಿಯನ್ನು ಕಂಡ ಮನೆಯಿಂದ ಬಂದ ಹುಡುಗ ಹೆಡ್‌ಸ್ಟಾಕಿಗೂ ಗ್ರೀಸು ತುರುಕಿಯಾನು.

ವರ್ಕ್‌ಶಾಪಿನ ಮಾತನ್ನು ಗಮನವಿಟ್ಟು ಕೇಳಿದರೆ, ನಾಮಪದದಲ್ಲಿ ಇಲ್ಲದ ಈ ಭೇದ ಕ್ರಿಯಾಪದದಲ್ಲಿ ಆಗಲೇ ಇದೆ: ಎಣ್ಣೆಯ ತೂತಿಗೆ ‘ಬಿಡು’ತ್ತಾರೆ, ಹಲ್ಲಿಗೆ ‘ಹಚ್ಚು’ತ್ತಾರೆ, ಹೆಡ್‌ಸ್ಟಾಕಿಗೆ ‘ತುಂಬು’ತ್ತಾರೆ. ಕೆಡಿಸುವುದು ‘ಹಾಕು’ ಒಂದೇ. ಆದ್ದರಿಂದ ಸೂಚನೆಯಲ್ಲಿ ‘ಹಾಕು’ವನ್ನು ಪೂರ್ತಿಯಾಗಿ ಬಿಟ್ಟು, ‘ಚಿಮಣಿ ಎಣ್ಣೆಯಲ್ಲಿ ತೊಳೆ, ಒರೆಸು, ಕೀಲೆಣ್ಣೆ ಹಚ್ಚು’ ಎಂದು ಚೇಂಜ್ ಗಿಯರಿಗೂ, ‘ಗುರುತಿನವರೆಗೆ ಗಿಯರ್ ಎಣ್ಣೆ ತುಂಬು’ ಎಂದು ಹೆಡ್‌ಸ್ಟಾಕಿಗೂ ಸದ್ಯಕ್ಕೆ ಬರೆದಿಟ್ಟಿದ್ದೇನೆ. ‘ಗಿಯರ್ ಎಣ್ಣೆ’ ಎಂಬ ಬೆರಕೆ ನನಗೆ ಒಪ್ಪಿಗೆಯೇ.

ಬೀದರ್, ಯಾದಗಿರಿ ಕಡೆಯ ಲೇತ್ ಕೆಲಸಗಾರರು ತೆಳುವಾದ ಎಣ್ಣೆಗೂ ‘ಕೀಲೆಣ್ಣಿ’ ಎನ್ನುವುದನ್ನು ತಾವು ಕೇಳಿದ್ದೀರಾ? ತೊಳೆಯುವ ಎಣ್ಣೆಗೆ ‘ಎಣ್ಣೆ’ ಎಂಬ ಅಂಶವೇ ಇಲ್ಲದ ಬೇರೆ ಹೆಸರೇನಾದರೂ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕು.