ನಕ್ಷೆಯಲ್ಲಿ ಕೆಸರು, ನಮ್ಮ ಬಲೆಗೆ ಕಲ್ಲು. ಕಡಲ ತಳದ ನಕ್ಷೆ ಹೇಗೆ ಮಾಡುತ್ತಾರೆ?

ಗಂಗೊಳ್ಳಿ ಬೋಟಿನವ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಅಣ್ಣ ಸೇರಿ ಗಂಗೊಳ್ಳಿಯಿಂದ ತಳದಲ್ಲಿ ಬಲೆ ಎಳೆಯುವ ಒಂದು ಟ್ರಾಲ್ ಬೋಟ್ ನಡೆಸುತ್ತೇವೆ. ಕಳೆದ ತಿಂಗಳು ಒಂದು ಸಭೆಗೆ ಹೋಗಿದ್ದೆ. ಸಿಮೆಂಟಿನ ಚೌಕಟ್ಟುಗಳನ್ನು ಕಡಲಿಗೆ ಇಳಿಸಿ ಮೀನಿಗೆ ಮನೆ ಮಾಡಿಕೊಡುವ ಕೃತಕ ಬಂಡೆಯ ಯೋಜನೆ ಅದು. ಎಲ್ಲಿ ಇಳಿಸುವುದು ಅಂತ ಒಂದು ಬಣ್ಣದ ನಕ್ಷೆ ತೋರಿಸಿದರು. ಹಳದಿ ಅಂದರೆ ಮರಳು, ಕಂದು ಅಂದರೆ ಕೆಸರು, ಕೆಂಪು ಅಂದರೆ ಕಲ್ಲು.

ನಾವು ಹೋಗುವ ದಾರಿಯಲ್ಲಿ ಹದಿನೈದು ಮಾರು ನೀರಿನಲ್ಲಿ ಕಲ್ಲಿದೆ. ಹದಿನಾಲ್ಕು ವರ್ಷದಲ್ಲಿ ನಮ್ಮ ನಾಲ್ಕು ಬಲೆ ಹರಿದಿದೆ ಅಲ್ಲಿ. ಅವರ ನಕ್ಷೆಯಲ್ಲಿ ಅದು ಪೂರ್ತಿ ಕಂದು. ಇನ್ನು ಚೌಕಟ್ಟು ಇಳಿಸಲು ಅವರು ಆರಿಸಿದ ಹಳದಿ ಜಾಗ ಇದೆಯಲ್ಲ, ಅಲ್ಲಿ ಬಲೆ ಎಳೆದರೆ, ಬಲೆಯ ಬಾಯಿ ಅಗಲಿಸಿ ಹಿಡಿಯುವ ಬೋರ್ಡುಗಳಿಗೆ ಕೆಸರು ಮೆತ್ತಿಕೊಂಡು ಬರುತ್ತದೆ. ತೊಳೆಯುವುದಕ್ಕೇ ಅರ್ಧ ಗಂಟೆ ಬೇಕು. ಅಲ್ಲಿ ಸಿಮೆಂಟ್ ಇಳಿಸಿದರೆ ಹೂತು ಹೋಗುತ್ತದೆ ಅಂತ ಎದ್ದು ನಿಂತು ಹೇಳಿದೆ. "ಇದು ಉಪಗ್ರಹ ಮತ್ತು ಕಂಪ್ಯೂಟರಿಂದ ಮಾಡಿದ್ದು, ಅಂದಾಜಿನ ಮಾತು ಬೇಡ" ಅಂದರು. ಕೂತುಬಿಟ್ಟೆ. ಆದರೆ ಮನಸ್ಸು ಒಪ್ಪುತ್ತಿಲ್ಲ.

ಈ ನಕ್ಷೆಯನ್ನು ನಿಜವಾಗಿ ಹೇಗೆ ಮಾಡುತ್ತಾರೆ? ಬಲೆ ಸಿಕ್ಕಿಕೊಂಡ ಕಡೆ ನಮ್ಮ ಪ್ಲಾಟರಿನಲ್ಲಿ (ಬೋಟಿನ ಜಿಪಿಎಸ್ ಪರದೆ) ಹಾಕಿಟ್ಟ ಗುರುತುಗಳಿಗೆ ಏನಾದರೂ ಬೆಲೆ ಇದೆಯಾ? ಬೋಟ್ ಮತ್ತೆ ಇಳಿಯುವ ಮೊದಲು, ಜುಲೈಯಲ್ಲಿ ಇನ್ನೊಂದು ಸಭೆ ಇದೆ. ಏನು ಕೇಳಬೇಕು ಅಂತ ಗೊತ್ತಿದ್ದವರು ಹೇಳಿ.

ಕಾಳಿ ದಂಡೆ

ನಮಸ್ಕಾರ ಅಣ್ಣ. ನಾನು ಕಾರವಾರದವಳು. ಹನ್ನೊಂದು ವರ್ಷ ಸರ್ವೆ ಬೋಟುಗಳಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಮಾತು ಅಂದಾಜು ಅಲ್ಲ. ನೀವು ಕೂತದ್ದು ಓದಿ ಬೇಜಾರಾಯಿತು.

ಮೊದಲು ಉಪಗ್ರಹದ ಮಾತು. ನೀರು ತಿಳಿಯಾಗಿ, ಆಳ ಕಡಿಮೆ ಇದ್ದರೆ ಮಾತ್ರ ಉಪಗ್ರಹದ ಚಿತ್ರದಲ್ಲಿ ತಳ ಕಾಣುತ್ತದೆ. ನಮ್ಮ ಕರಾವಳಿಯ ಕಲಕಿದ ನೀರಿನಲ್ಲಿ ಹದಿನೈದು ಮಾರು ಕೆಳಗಿನದು ಕಾಣುವುದಿಲ್ಲ. ಅಲ್ಲಿಗೆ ಶಬ್ದವೇ ಬೇಕು. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಆಳ ನೋಡುವ ನಿಮ್ಮ ಎಕೋ ಯಂತ್ರ ಶಬ್ದದ ಒಂದೇ ಕಿರಣ ಬಿಡುತ್ತದೆ. ನಮ್ಮ ಮಲ್ಟಿಬೀಮ್ ಬೀಸಣಿಗೆ ಹಾಗೆ ನೂರಾರು ಕಿರಣ ಬಿಡುತ್ತದೆ. ಹೋಗಿ ಬಂದ ಸಮಯದಿಂದ ಆಳ ಗೊತ್ತಾಗುತ್ತದೆ. ವಾಪಸ್ ಬಂದ ಶಬ್ದ ಎಷ್ಟು ಜೋರಾಗಿದೆ ಅನ್ನುವುದರಿಂದ ತಳ ಗಟ್ಟಿಯೋ ಮೆತ್ತಗೋ ಅಂತ ಸುಳಿವು ಸಿಗುತ್ತದೆ.

ತೊಂದರೆ ಏನಂದರೆ, ಬೀಸಣಿಗೆಯ ಅಗಲ ಆಳದ ನಾಲ್ಕು ಪಟ್ಟು ಅಂತ ಇಟ್ಟುಕೊಳ್ಳಿ. ಸಾವಿರ ಮೀಟರ್ ಆಳದಲ್ಲಿ ಒಂದು ಸಲ ಹೋದರೆ 4 ಕಿಲೋಮೀಟರ್ ಅಗಲದ ಪಟ್ಟಿ ಸಿಗುತ್ತದೆ. ನಿಮ್ಮ ಹದಿನೈದು ಮಾರಿನಲ್ಲಿ, ಅಂದರೆ 27 ಮೀಟರಿನಲ್ಲಿ, ಬರೀ 100 ಮೀಟರ್ ಚಿಲ್ಲರೆ. ಉದ್ದ 10, ಅಗಲ 10 ಕಿಲೋಮೀಟರಿನ ಒಂದು ಚೌಕ ಮುಗಿಸಲು ನೂರು ಸಾಲು ಉಳಬೇಕು, ಒಟ್ಟು 1000 ಕಿಲೋಮೀಟರ್. ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ, ಹಗಲು ರಾತ್ರಿ ನಿಲ್ಲಿಸದೆ, ನಾಲ್ಕೂವರೆ ದಿನಕ್ಕೂ ಜಾಸ್ತಿ. ಅದಕ್ಕೇ ದಡದ ಹತ್ತಿರ ಪೂರ್ತಿ ಉಳುವುದು ಕಷ್ಟ, ಖರ್ಚೂ ಜಾಸ್ತಿ. ಎಷ್ಟೋ ಕಡೆ ಅಲ್ಲಲ್ಲಿ ಮಣ್ಣು ತೆಗೆದು ನಡುವಿನ ಜಾಗಕ್ಕೆ ಲೆಕ್ಕ ಹಾಕಿ ಬಣ್ಣ ತುಂಬುತ್ತಾರೆ. ಎರಡು ಹಿಡಿ ಮಣ್ಣಿನ ನಡುವೆ 5 ಕಿಲೋಮೀಟರ್ ಇದ್ದರೆ ನಿಮ್ಮ ಕಲ್ಲು ಅದರಲ್ಲಿ ಎಲ್ಲಿ ಕಾಣಬೇಕು ಮಾರಾಯ್ರೆ?

ಮಣ್ಣು ತೆಗೆಯುವುದಕ್ಕೆ ಗ್ರ್ಯಾಬ್ ಅಂತ ಇದೆ, ಕಬ್ಬಿಣದ ಎರಡು ಬೊಗಸೆ ಸೇರಿಸಿದ ಹಾಗೆ. ಒಂದು ಸಲಕ್ಕೆ ಚದರ ಮೀಟರಿನ ಹತ್ತನೇ ಒಂದು ಪಾಲು ಜಾಗದ ಮಣ್ಣು ಬರುತ್ತದೆ. ಜರಡಿ ಹಿಡಿದು ಹುಳ, ಮರುವಾಯಿ, ಸಣ್ಣ ಏಡಿ ಎಣಿಸುತ್ತೇವೆ. ಕಣ 2 ಮಿಲಿಮೀಟರಿಗಿಂತ ದಪ್ಪ ಇದ್ದರೆ ಜಲ್ಲಿ, 0.063ಕ್ಕಿಂತ ಸಣ್ಣ ಇದ್ದರೆ ಕೆಸರು, ನಡುವಿನದು ಮರಳು. ಕಲ್ಲು, ಮರಳು, ಕೆಸರು ಅಂತ ಮೊದಲ ವಿಂಗಡಣೆ. ಆಮೇಲೆ ಆಳ, ಬೆಳಕು, ಅಲೆಯ ಹೊಡೆತ. ಕೊನೆಗೆ ಅಲ್ಲಿ ಯಾರು ಬದುಕಿದ್ದಾರೆ ಅನ್ನುವುದು. ಜೀವಿಗಳ ನೆಲೆಗಳನ್ನು ವಿಂಗಡಿಸುವ ಯುರೋಪಿನವರ ಯೂನಿಸ್ ಪದ್ಧತಿಯೂ ಹೆಚ್ಚು ಕಡಿಮೆ ಹೀಗೇ ಮೆಟ್ಟಿಲು ಇಳಿಯುತ್ತದೆ. ನಿಮಗೆ ಇದು ಹೊಸದಲ್ಲ. ಕಾಣೆ ಮರಳಿನಲ್ಲಿ, ಕರಿಕಡಿ ಸಿಗಡಿ ಕೆಸರಿನಲ್ಲಿ, ಮುರು ಮೀನು ಕಲ್ಲಿನಲ್ಲಿ ಅಂತ ನಿಮ್ಮ ಮನೆಯ ಮಕ್ಕಳಿಗೂ ಗೊತ್ತು, ಅಲ್ವಾ?

ಒಂದು ಮಾತು ಮರೆಯಬಾರದು. ಕಲ್ಲಿನ ಮೇಲೆ ಗ್ರ್ಯಾಬ್ ಬಿದ್ದರೆ ಖಾಲಿ ಬರುತ್ತದೆ. ಒಮ್ಮೆ ನಾನಿದ್ದ ಬೋಟಿನಲ್ಲಿ ಮೂರು ಸಲ ಖಾಲಿ ಬಂತು. ಪಕ್ಕಕ್ಕೆ ಸರಿದು ಇಳಿಸಿದೆವು, ಕೆಸರು ಬಂತು, ಪುಸ್ತಕದಲ್ಲಿ ಕೆಸರು ಅಂತಷ್ಟೇ ಬರೆದರು. ಆ ಮೂರು ಖಾಲಿ ಬೊಗಸೆಗಳನ್ನು ನಾನೂ ಬರೆದಿಡಲಿಲ್ಲ. ಈಗಲೂ ಅದು ನನಗೆ ಕೊರೆಯುತ್ತದೆ. ನಿಮ್ಮ ಕಲ್ಲು ನಕ್ಷೆಯಿಂದ ಹೋದದ್ದೂ ಹೀಗೇ ಇರಬಹುದು.

ಇನ್ನು ಹಳದಿ ಜಾಗ. ಕೆಸರಿನ ಮೇಲೆ ಸತ್ತ ಚಿಪ್ಪು ಹರಡಿದ್ದರೂ ಶಬ್ದ ಜೋರಾಗಿ ವಾಪಸ್ ಬರುತ್ತದೆ, ಕಂಪ್ಯೂಟರ್ ಅದನ್ನು ಮರಳು ಅಂದುಕೊಳ್ಳುತ್ತದೆ. ಸಭೆಯಲ್ಲಿ ಇಷ್ಟು ಕೇಳಿ: ಈ ಹಳದಿಯೊಳಗೆ ಎಷ್ಟು ಕಡೆ ಮಣ್ಣು ತೆಗೆದಿದ್ದೀರಿ, ಯಾವ ವರ್ಷ, ನಕ್ಷೆಯಲ್ಲಿ ಬಣ್ಣ ತುಂಬಿದ ಒಂದು ಚೌಕ ಎಷ್ಟು ದೊಡ್ಡದು, ಎಲ್ಲಿ ಎಷ್ಟು ಖಾತ್ರಿ ಅಂತ ತೋರಿಸುವ ಇನ್ನೊಂದು ನಕ್ಷೆ ಎಲ್ಲಿ. ಒಳ್ಳೆಯ ನಕ್ಷೆಗೆ ಆ ಎರಡನೇ ನಕ್ಷೆ ಜೊತೆಗೇ ಬರಬೇಕು.

ಮುರ್ಡೇಶ್ವರ ಡೈವರ್

ನಾನು ನೇತ್ರಾಣಿ ದ್ವೀಪದ ಹತ್ತಿರ ಪ್ರವಾಸಿಗರನ್ನು ನೀರಿಗಿಳಿಸುವವನು. ಅಲ್ಲಿ ಬಂಡೆ ಮುಗಿದು ಮರಳು ಶುರುವಾಗುವ ಗೆರೆ ಎರಡು ಮೂರು ಮೀಟರಿನಲ್ಲೇ ಮುಗಿಯುತ್ತದೆ. ಈ ಕಡೆ ಹವಳ, ಗಿಳಿ ಮೀನು. ಆ ಕಡೆ ಬರೀ ಮರಳು. ಚೌಕ ಒಂದು ಕಿಲೋಮೀಟರಿನದಾದರೆ ಅಂಥ ಗೆರೆ ಅದರಲ್ಲಿ ಬರುವುದೇ ಇಲ್ಲ. ಕಲ್ಲನ್ನು ಕೆಸರು ಅಂತ ಬರೆದರೆ ನನಗೆ ಇನ್ನೊಂದು ಹೆದರಿಕೆ. ಬಂದರಿನ ಹೂಳು ತೆಗೆದು ಸುರಿಯಲು ಜಾಗ ಹುಡುಕುವಾಗ "ಅಲ್ಲಿ ಕೆಸರೇ ಇರುವುದು" ಅಂತ ಅಲ್ಲಿಗೇ ಸುರಿದರೆ? ಹೂಳು ಕೂತ ಮೇಲೆ ಹವಳ ಬದುಕುವುದಿಲ್ಲ. ಅಣ್ಣ, ನಿಮ್ಮ ಕಲ್ಲಿನ ಹತ್ತಿರ ಕ್ಯಾಮೆರಾ ಇಳಿಸುವುದಾದರೆ ಡಿಸೆಂಬರಿನಿಂದ ಫೆಬ್ರವರಿ ಒಳಗೆ ಇಳಿಸಿ. ಮಳೆಗಾಲ ಕಳೆದ ಕೂಡಲೇ ಹೋದರೆ ಏನೂ ಕಾಣುವುದಿಲ್ಲ.

ಗಂಗೊಳ್ಳಿ ಬೋಟಿನವ

ಅಕ್ಕ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಒಂದು ಕೇಳಿದರು. ಮೂವತ್ತೈದು ಮಾರು ದಾಟಿದರೆ ಬಲೆಗೆ ಒರಟು ಮರಳು, ಹಳೇ ಚಿಪ್ಪು ಬರುತ್ತದೆ. ದಡದ ಹತ್ತಿರ ಕೆಸರು, ದೂರ ಹೋದಂತೆ ಮರಳು, ಇದು ಯಾಕೆ ಹೀಗೆ ತಿರುಗುಮುರುಗು?

ಇನ್ನೊಂದು ಭಯ. ಗುರುತುಗಳನ್ನು ಕೊಟ್ಟರೆ ನಾಳೆ ಅಲ್ಲಿ ಬಲೆ ಹಾಕಬಾರದು ಅಂತ ನಮಗೇ ಬಾಗಿಲು ಮುಚ್ಚಿದರೆ? ಗಾಳ ಹಾಕುವವರೂ ಕಲ್ಲಿನ ಜಾಗ ಯಾರಿಗೂ ಹೇಳುವುದಿಲ್ಲ. ಅವರ ಹೊಟ್ಟೆಪಾಡು ಅದು.

ಕಾಳಿ ದಂಡೆ

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಅವರು ನೋಡಿದ್ದು ಸರಿ. ಸುಮಾರು 20,000 ವರ್ಷದ ಹಿಂದೆ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಪ್ಪನವರ ಮೂವತ್ತೈದು ಮಾರು, ಅಂದರೆ ಸುಮಾರು 64 ಮೀಟರ್, ಆಗ ಒಣ ನೆಲ. ಆಮೇಲೆ ನೀರು ಏರುತ್ತಾ ಬಂದಾಗ ದಡವೂ ಅಲ್ಲಿಂದಲೇ ಹಾದು ಬಂತು. ಆ ಹಳೇ ಮರಳು, ಚಿಪ್ಪು ಹಾಗೇ ಉಳಿದಿದೆ. ಈಗಿನ ನದಿಗಳ ಕೆಸರು ಹೆಚ್ಚಾಗಿ 50 ಮೀಟರ್ ಆಳದ ಒಳಗೇ ಕೂರುತ್ತದೆ, ಅಷ್ಟು ದೂರ ಹೋಗಿ ಅದನ್ನು ಮುಚ್ಚಿಲ್ಲ.

ಭಯದ ಬಗ್ಗೆ ಸುಳ್ಳು ಹೇಳುವುದಿಲ್ಲ. ನಕ್ಷೆಯಿಂದ ನಿಷೇಧ ಬಂದದ್ದಿದೆ. ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಸುಮಾರು 1000 ಮೀಟರ್ ಆಳದಲ್ಲಿ, 1998ರಲ್ಲಿ ಡಾರ್ವಿನ್ ಮೌಂಡ್ಸ್ ಅನ್ನುವ ಹವಳದ ದಿಬ್ಬಗಳು ಸಿಕ್ಕವು. ಅವುಗಳ ಮೇಲೆ ಟ್ರಾಲ್ ಎಳೆದ ಗಾಯ ಕಂಡ ಮೇಲೆ 2003ರಲ್ಲಿ ತುರ್ತಾಗಿ, 2004ರಲ್ಲಿ ಕಾಯಂ ಆಗಿ ತಳದ ಟ್ರಾಲ್ ನಿಲ್ಲಿಸಿದರು. ಆದರೆ ಗೆರೆ ಎಳೆದ ಜಾಗದಲ್ಲಿ ಮಾತ್ರ. ದಿಬ್ಬ ಎಲ್ಲಿದೆ ಅಂತ ಗೊತ್ತಿದ್ದದ್ದರಿಂದ ಗೆರೆ ಎಳೆಯಲು ಸಾಧ್ಯವಾಯಿತು. ನಿಮ್ಮ ಕಲ್ಲಿನ ಮೇಲೆ ನೀವು ಹೇಗೂ ಬಲೆ ಎಳೆಯುವುದಿಲ್ಲ. ನಾನಾದರೆ ಕೊಡುತ್ತಿದ್ದೆ. ಗಾಳದವರ ಜಾಗ ಮಾತ್ರ ಅವರನ್ನು ಕೇಳದೆ ಕೊಡಬೇಡಿ. ಅದನ್ನು 500 ಮೀಟರಿನ ಚೌಕದಲ್ಲಿ "ಇಲ್ಲಿ ಕಲ್ಲಿದೆ" ಅಂತಷ್ಟೇ ಹೇಳಿದರೂ ಸಾಕು.

ಕೊಡುವ ಮೊದಲು ಒಂದು ತಿದ್ದುಪಡಿ ಬೇಕು. ಬಲೆ ಸಿಕ್ಕಿಕೊಂಡಾಗ ನೀವು ಗುಂಡಿ ಒತ್ತಿದ್ದು ಬೋಟಿನಲ್ಲಿ ಕೂತು, ಅಲ್ವಾ? ಕಲ್ಲಿರುವುದು ಹಿಂದೆ, ವೈರ್ ಬಿಟ್ಟಷ್ಟು ದೂರದಲ್ಲಿ. 27 ಮೀಟರ್ ನೀರಿಗೆ ಐದು ಪಟ್ಟು ವೈರ್ ಬಿಟ್ಟಿದ್ದರೆ, ಬಲೆಯ ಉದ್ದವೂ ಸೇರಿ 150 ಮೀಟರಿಗೂ ಹಿಂದೆ. ಯಾವ ದಿಕ್ಕಿಗೆ ಎಳೆಯುತ್ತಿದ್ದಿರಿ ಅಂತ ನೆನಪಿಸಿಕೊಂಡು ಬರೆಯಿರಿ. 2000ದ ಮೇ ತಿಂಗಳಿಗಿಂತ ಹಳೇ ಗುರುತಾದರೆ ಬೇರೆ ಹಾಳೆಯಲ್ಲಿ ಇಡಿ. ಆಗ ಜಿಪಿಎಸ್ಸಿಗೆ ಬೇಕಂತಲೇ ತಪ್ಪು ಸೇರಿಸುತ್ತಿದ್ದರು, ನೂರು ಮೀಟರ್ ಆಚೀಚೆ ಆಗುತ್ತಿತ್ತು. ಎಕೋದಲ್ಲಿ ತಳದ ಗೆರೆಯ ಕೆಳಗೆ ಎರಡನೇ ಗೆರೆ ಗಟ್ಟಿಯಾಗಿ ಬಂದರೆ ಫೋಟೋ ತೆಗೆಯಿರಿ, ಅದು ಗಟ್ಟಿ ತಳದ ಗುರುತು.

ಗಂಗೊಳ್ಳಿ ಬೋಟಿನವ

ನಿನ್ನೆ ರಾತ್ರಿ ಅಣ್ಣ, ಅಪ್ಪ, ನಾನು ಮೂವರೂ ಕೂತು ಬರೆದೆವು. ಇಪ್ಪತ್ತಮೂರು ಗುರುತು. ಹದಿನೇಳಕ್ಕೆ ಎಳೆದ ದಿಕ್ಕು ಅಣ್ಣನಿಗೆ ನೆನಪಿದೆ. ಹಿಂದಕ್ಕೆ ಸರಿಸಿ ಹಾಕಿದಾಗ, ಚದುರಿದ್ದ ನಾಲ್ಕು ಗುರುತು ಒಂದೇ ಕಡೆ ಬಂದವು. ನಾಲ್ಕು ಕಲ್ಲು ಅಂದುಕೊಂಡಿದ್ದೆವು, ಒಂದೇ ಕಲ್ಲು ಅಕ್ಕ ಅದು. ಅಪ್ಪ ಹಾಳೆಯ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ಇವತ್ತು ಬೋರ್ಡಿಗೆ ಮೆತ್ತಿದ್ದ ಒಣ ಕೆಸರನ್ನು ಕೆರೆದು ಡಬ್ಬಿಗೆ ಹಾಕಿಟ್ಟಿದ್ದೇನೆ. ಕೊನೆಯ ಸಲ ಬಲೆ ಎಳೆದದ್ದು ಆ ಹಳದಿ ಜಾಗದಲ್ಲೇ. ಸಭೆಗೆ ಅದನ್ನೂ ತೆಗೆದುಕೊಂಡು ಹೋಗುತ್ತೇನೆ.