ಕೊಟ್ಟಿಗೆ ಗೊಬ್ಬರದ ಮಾವು ಪೇಟಿಯಲ್ಲಿ (ಪೆಟ್ಟಿಗೆಯಲ್ಲಿ) ತಾಳುತ್ತಾ? ಅನುಭವ ಇದ್ದವರು ಹೇಳಿ

ಸತ್ತರಿ ಅಳಿಯ:
ಗೋವಾದ ವಾಳಪೈ ಹತ್ತಿರ ಮಾವನವರ ತೋಟ ಈಗ ನನ್ನ ಕೈಲಿದೆ. ಮಾವಿನಲ್ಲಿ ಆಪೂಸ್, ಮಾನ್ಕುರಾದ್ ಎರಡೂ ತಳಿ ಇವೆ. ರಾಸಾಯನಿಕ ಗೊಬ್ಬರ ಬಿಡೋಣ ಅಂತಿದ್ದೇನೆ. ಆಮೇಲೆ ಪುಣೆ, ಮುಂಬಯಿಗೆ ಪೇಟಿ ಕಳಿಸಿದ್ರೆ ಹಣ್ಣು ತಾಳುತ್ತಾ?

ಕಾಣಕೋಣ ಗುಡ್ಡ:
ನಮ್ಮದು ತಾಳ್ತಿದೆ. ಯೂರಿಯಾ ಜಾಸ್ತಿ ತಿಂದ ಮರದ ಕಾಯಿ ನೋಡೋಕೆ ದಪ್ಪ, ಹಣ್ಣಾಗ್ತಿದ್ದಂತೆ ತಿರುಳು ಪಿತಪಿತ. ಈಗ ಕಳಿತ ಗೊಬ್ಬರ, ಬೇವಿನ ಹಿಂಡಿ, ಒಲೆ ಬೂದಿ. ಸಿಪ್ಪೆ ಸುಕ್ಕಾಗೋದು ತಡ. ಆದ್ರೆ ಖರ್ಚು ಕೇಳಿ. 45 ಕೆ.ಜಿ. ಯೂರಿಯಾ ಚೀಲ ಸಬ್ಸಿಡಿಯಲ್ಲಿ 266 ರೂಪಾಯಿ ಚಿಲ್ಲರೆ. ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬೇಕಂದ್ರೆ ಸುಮಾರು 4 ಟನ್ ಹೊರಬೇಕು. ಟ್ರ್ಯಾಕ್ಟರ್ ಲೋಡಿಗೆ 5,000, ಅದೂ ಗುಡ್ಡದ ಬುಡಕ್ಕೆ ಸುರಿದು ಹೋಗ್ತಾನೆ. ಮೇಲೆ ಹೊರೋಕೆ ಆಳಿಗೆ 800, ಊಟ, ಚಹಾ, ಸಂಜೆ ಮನೆಗೆ ಬಿಡೋಕೆ ಪೆಟ್ರೋಲು. ಸಾವಯವ ತರಬೇತಿಯಲ್ಲಿ ಇದ್ಯಾವುದನ್ನೂ ಹೇಳಲ್ಲ.

ವಾಶಿ ಗಾಳಾ:
ನಾನು ವಾಶಿ ಮಂಡಿಯಲ್ಲಿ ಹಣ್ಣು ಮಾರೋನು. ಗಿರಾಕಿ ಗೊಬ್ಬರ ಕೇಳಲ್ಲ, ಕಲೆ ನೋಡ್ತಾನೆ. ಚಿಬ್ಬು ರೋಗ (ಶಿಲೀಂಧ್ರದ ರೋಗ) ತೋಟದಲ್ಲೇ ಕಾಯಿಗೆ ಹತ್ತಿ ಸುಮ್ಮನಿರುತ್ತೆ, ಹಣ್ಣಾಗುವಾಗ ಎದ್ದು ಕಪ್ಪು ಚುಕ್ಕೆ ತೋರಿಸುತ್ತೆ. ಸಾವಯವ ಅಂತ ಬೋರ್ಡೋ ದ್ರಾವಣವನ್ನೂ (ಮೈಲುತುತ್ತ, ಸುಣ್ಣದ ನೀರು) ಹೊಡೆಯದೆ ಒಬ್ಬರು ಮಾಲು ಕಳಿಸಿದ್ರು. ಮೇಲಿನ ಸಾಲು ಚಿನ್ನ, ಕೆಳಗಿನ ಸಾಲಿನಲ್ಲಿ ತೊಟ್ಟಿನ ಸುತ್ತ ಬೆರಳು ಒಳಗೆ ಹೋಗ್ತಿತ್ತು. ಹಮಾಲಿ, ತೂಕದ ಖರ್ಚು, ಗಿರಾಕಿಯ ಬೈಗುಳ ಎಲ್ಲ ನನ್ನ ತಲೆಗೆ. ತೊಟ್ಟು ಸಮೇತ ಕೊಯ್ದು, ಸೊನೆ ಇಳಿಸಿ, 52 ಡಿಗ್ರಿ ಬಿಸಿನೀರಲ್ಲಿ ಅದ್ದಿದ ಮಾಲು ನನ್ನ ಹತ್ರ ಕೆಡದೆ ನಿಂತಿದೆ. ಗೊಬ್ಬರ ಯಾವುದೇ ಇರಲಿ.

ಸಾಸವಡ ಸೀತಾಫಲ:
ಗೊಬ್ಬರ ಯಾವುದೇ ಇರಲಿ ಅನ್ನಾಕ ಬಾಯಿ ಹೆಂಗ ಬರತೈತ್ರೀ? ಸಾವಯವ ಸರ್ಟಿಫಿಕೇಟಿಗೆ ಬಹುವಾರ್ಷಿಕ ಗಿಡಕ್ಕ ಮೂರು ವರ್ಷ ಕಾಯಸ್ತಾರ. ಅಷ್ಟೂ ವರ್ಷ ಖರ್ಚು ಸಾವಯವದ್ದು, ರೇಟ್ ಸಾದಾದ್ದು. ತಪಾಸಣಾ ಫೀ ಬ್ಯಾರೆ, ಬಂದವರ ಗಾಡಿ ಬಾಡಿಗಿ ಬ್ಯಾರೆ. ನನ್ನ ಸೀತಾಫಲ ಕಣ್ಣು ಬಿಟ್ಟ (ಸಿಪ್ಪಿ ಗಂಟು ಅಗಲಾದ) ಮ್ಯಾಲೆ ಕೊಯ್ದ್ರ ಮೂರ್ನಾಕ ದಿನದ ಆಟ. ದಲಾಲ ಒಂದಿನ ತಡಾ ಮಾಡಿದ್ರ ನನ್ನ ವರ್ಷ ಮುಗೀತು. ನೀವು ಮಂಡ್ಯಾಗ ಹಣ್ಣು ಮಾಗಸಾಕ ಕಾರ್ಬೈಡ್ ಪುಡಕಿ ಇಟ್ಟು, ಹಣ್ಣು ಕೆಟ್ಟ ಮ್ಯಾಲೆ ರೈತಗ ಬೈತೀರಿ.

ವಾಶಿ ಗಾಳಾ:
ಬಾಯಿ ಬಿಗಿ ಇರಲಿ. ಕಾರ್ಬೈಡ್‌ಗೆ ಕಾನೂನಿನಲ್ಲೇ ನಿಷೇಧ ಇದೆ. ನನ್ನದು ಎಥಿಲೀನ್ ಅನಿಲದಲ್ಲಿ ಮಾಗಿಸೋ ಕೋಣೆ, 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100) ಒಳಗೆ, ಅದಕ್ಕೆ ಅನುಮತಿ ಇದೆ. ಬಂದು ನೋಡಿ ಮಾತಾಡಿ.

ಸಾಸವಡ ಸೀತಾಫಲ:
ನಿಮ್ಮ ಒಬ್ಬರ ಕೋಣಿ ತೋರ್ಸಿ ಇಡೀ ಬಜಾರಕ್ಕ ಸಾಕ್ಷಿ ಹೇಳಬ್ಯಾಡ್ರಿ.

ಕಾಣಕೋಣ ಗುಡ್ಡ:
ಅಳಿಯಂದಿರೇ, ಆಪೂಸ್‌ನ ಸಾಕಾ ಅನ್ನೋ ತಿರುಳಿನ ದೋಷದ ಬಗ್ಗೆ ಯಾರೂ ಹೇಳಲಿಲ್ಲ. ಹೊರಗೆ ಹೊಳಪು, ಕೊಯ್ದರೆ ಓಟೆ ಸುತ್ತ ಬಿಳಿ ಹತ್ತಿ, ಹುಳಿ ವಾಸನೆ. ಬುಡಕ್ಕೆ ತರಗೆಲೆ ಹೊದಿಸಿದ ಮೇಲೆ ನಮ್ಮಲ್ಲಿ ಕಡಿಮೆಯಾಗಿದೆ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಸುಣ್ಣವೂ ಬೇಕು.

ವಾಶಿ ಗಾಳಾ:
ಕಡಿಮೆ ಅಂದ್ರೆ ಎಷ್ಟು? ಸಾವಯವ ಪೇಟಿಯಲ್ಲೂ ಸಾಕಾ ಕಂಡಿದ್ದೇನೆ. ಕಾದ ನೆಲದ ಝಳಕ್ಕೆ ಬರೋದು ಅದು. ತಡವಾಗಿ, ಮರದಲ್ಲೇ ಬಲಿಯೋಕೆ ಬಿಟ್ಟು ಕೊಯ್ದ ಕಾಯಲ್ಲಿ ಇನ್ನೂ ಜಾಸ್ತಿ.

ಕಾಣಕೋಣ ಗುಡ್ಡ:
ಝಳ ತಡೆಯೋಕೇ ತರಗೆಲೆ ಅಂದೆ! ಪೂರ್ತಿ ಓದಿ ಬರೀರಿ.

ಸತ್ತರಿ ಅಳಿಯ:
ಸುಣ್ಣ ಮಳೆಗೆ ಮೊದಲೋ, ಆಮೇಲೋ?

ಸಾಸವಡ ಸೀತಾಫಲ:
ಸುಣ್ಣ ಆಮ್ಯಾಲೆ ನೋಡ್ರಿ, ಮೊದಲ ದಲಾಲನ ಕಡೆ ರೇಟ್ ಬರೆಸಿ ತಗೋರಿ.